ಕಂಪ್ಯೂಟರ್‌ಗೂ ಬೇಕು ಪೌತಿ ಖಾತೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಸೇರಿದರೆ ಪಾಂಡವಪುರ ಕಂದಾಯ ಉಪವಿಭಾಗ. ವಿಶ್ವೇಶ್ವರಯ್ಯ ನಾಲೆಯ ಗದ್ದೆಬಯಲಿನಿಂದ ನಾಗಮಂಗಲದ ಬೆದ್ದಲು ಹೊಲದವರೆಗೆ ಇಲ್ಲಿ ಯಾವ ಹಳ್ಳಿಯ ಪಹಣಿಗಳನ್ನು ತೆಗೆಸಿ ನೋಡಿದರೂ ಒಂಬತ್ತನೇ ಕಾಲಂನಲ್ಲಿ ತೀರಿಹೋದವರ ಹೆಸರು ಎದುರಾಗುತ್ತದೆ. ಉಳುತ್ತಿರುವವನು ಮೊಮ್ಮಗ, ಹೆಸರು ತಾತನದು. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ಒಬ್ಬ ಕಬ್ಬು ಹಾಕಿದ್ದಾನೆ, ಇನ್ನೊಬ್ಬ ರಾಗಿ ಚೆಲ್ಲಿದ್ದಾನೆ. ಕಾಗದದಲ್ಲಿ ಮಾತ್ರ ಜಮೀನು ಇನ್ನೂ ಒಡೆದಿಲ್ಲ, ಯಜಮಾನ ಇನ್ನೂ ಸತ್ತಿಲ್ಲ.

ಇದರ ಬೆಲೆ ತೆರುವವರು ಬದುಕಿರುವವರು. ಪಹಣಿಯಲ್ಲಿ ಹೆಸರಿಲ್ಲದವರಿಗೆ ಬೆಳೆ ಸಾಲ ಸುಲಭವಾಗಿ ಹುಟ್ಟುವುದಿಲ್ಲ, ಬೆಳೆ ನಷ್ಟದ ಪರಿಹಾರ ಬರುವುದಿಲ್ಲ. ರೈತರ ನೋಂದಣಿಯ ‘ಫ್ರೂಟ್ಸ್’ ಸಂಖ್ಯೆ ಸಿಗಬೇಕಾದರೂ ಜಮೀನಿನ ದಾಖಲೆಯೇ ಆಧಾರ. 2024ರಲ್ಲಿ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನುಗಳ ಖಾತೆದಾರರು ಬದುಕಿಲ್ಲ ಎನ್ನುವುದು ಸರ್ಕಾರದ ಕಡತದಲ್ಲೇ ಎದ್ದು ಕಂಡಿತು. ಮರುವರ್ಷ ಕಂದಾಯ ಇಲಾಖೆ ಇ-ಪೌತಿ ಆಂದೋಲನಕ್ಕೆ ಕೈಹಾಕಿತು. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವ ಕೆಲಸಕ್ಕೆ ಪೌತಿ ಖಾತೆ ಎನ್ನುತ್ತಾರೆಂದು ಹಳ್ಳಿಯ ಮಕ್ಕಳಿಗೂ ಗೊತ್ತು.

ಜಮೀನಿನ ಪುಸ್ತಕದಷ್ಟೇ ಸತ್ತ ಹೆಸರುಗಳು ತುಂಬಿರುವ ಇನ್ನೊಂದು ಪಟ್ಟಿ ನಮ್ಮ ಕಚೇರಿ, ಬ್ಯಾಂಕು, ಕಾಲೇಜು, ಆಸ್ಪತ್ರೆಗಳಲ್ಲಿದೆ. ಅದರ ಬಗ್ಗೆ ಯಾರೂ ಆಂದೋಲನ ಮಾಡಿಲ್ಲ, ಅದು ಸಾರ್ವಜನಿಕರ ಕಣ್ಣಿಗೆ ಬೀಳುವುದೂ ಇಲ್ಲ. ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವವರು ಅದನ್ನು ಡೈರೆಕ್ಟರಿ ಎಂದು ಕರೆಯುತ್ತಾರೆ. ಈ ಜಾಲದೊಳಗೆ ಯಾರು ಬರಬಹುದು, ಯಾವ ಯಂತ್ರ ನಮ್ಮದು, ಯಾವ ಕಡತವನ್ನು ಯಾರು ತೆರೆಯಬಹುದು ಎಂಬುದನ್ನೆಲ್ಲ ಬರೆದಿಟ್ಟ ಪಟ್ಟಿ ಅದು. ಪಹಣಿಯಲ್ಲಿ ಸತ್ತವರ ಹೆಸರು ಉಳಿದರೆ ಬದುಕಿರುವವರ ಹಕ್ಕು ತಡೆದು ನಿಲ್ಲುತ್ತದೆ. ಡೈರೆಕ್ಟರಿಯಲ್ಲಿ ಉಳಿದರೆ ಕಳ್ಳನಿಗೆ ಹಕ್ಕು ಸಿಗುತ್ತದೆ.

ಒಂದು ಸಹಕಾರ ಬ್ಯಾಂಕನ್ನು ಊಹಿಸಿಕೊಳ್ಳೋಣ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಶಾಖೆ, ಪಾಂಡವಪುರದಲ್ಲಿ ಮುಖ್ಯ ಕಚೇರಿ, ಎಲ್ಲ ಸೇರಿ ಇನ್ನೂರು ಕಂಪ್ಯೂಟರ್. ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ವರ್ಗವಾಗಿ ಬಂದ ಗುಮಾಸ್ತೆ ಹೊಸ ಶಾಖೆಯ ಕಂಪ್ಯೂಟರ್ ಮುಂದೆ ಕೂತು ತನ್ನ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಕೊಟ್ಟರೆ ಕೆಲಸ ಶುರು. ಅವರ ಗುರುತು ಆ ಯಂತ್ರದಲ್ಲಿಲ್ಲ, ಪಾಂಡವಪುರದ ಸರ್ವರ್‌ನಲ್ಲಿದೆ. ಯಂತ್ರ ಆ ಸರ್ವರನ್ನು ಕೇಳುತ್ತದೆ, ಸರ್ವರ್ ಪಟ್ಟಿ ನೋಡಿ ಹೂಂ ಅನ್ನುತ್ತದೆ. ಆ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎಂದು ಹೆಸರು. ಇಂಥ ಪಟ್ಟಿ ಹೇಗಿರಬೇಕೆಂಬ ಅಂತರರಾಷ್ಟ್ರೀಯ ಮಾನದಂಡ ಎಕ್ಸ್.500 ರೂಪುಗೊಂಡದ್ದು 1988ರಲ್ಲಿ. ಅದರ ಭಾರ ಇಳಿಸಿ ಎಲ್‌ಡ್ಯಾಪ್ ಎಂಬ ಹಗುರ ವಿಧಾನವನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1993ರ ಸುಮಾರಿಗೆ ಕೊಟ್ಟರು. ವಿಂಡೋಸ್ 2000 ಸರ್ವರ್ ಜೊತೆ ಮೈಕ್ರೋಸಾಫ್ಟ್ ತಂದ ಆಕ್ಟಿವ್ ಡೈರೆಕ್ಟರಿ ಇವತ್ತು ಕಚೇರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ.

ಈ ಪಟ್ಟಿಯಲ್ಲಿ ಮನುಷ್ಯರಿಗೆ ಮಾತ್ರ ಖಾತೆಯಿರುವುದಲ್ಲ, ಕಂಪ್ಯೂಟರ್‌ಗಳಿಗೂ ಇದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಹೊಸ ಸಿಸ್ಟಂ ಬಂದ ದಿನ ಅದನ್ನು ಡೊಮೇನ್‌ಗೆ ಜಾಯಿನ್ ಮಾಡುತ್ತಾರೆ. ಆಗ ಅದರ ಹೆಸರಿನಲ್ಲಿ ಒಂದು ಖಾತೆ ಹುಟ್ಟುತ್ತದೆ. ‘ಕೆಆರ್‌ಪಿ-ಸಾಲ-04’ ಅಂದರೆ ಕೆ.ಆರ್. ಪೇಟೆ ಶಾಖೆಯ ಸಾಲ ವಿಭಾಗದ ನಾಲ್ಕನೇ ಯಂತ್ರ. ಆ ಖಾತೆಗೆ ಪಾಸ್‌ವರ್ಡ್ ಕೂಡ ಇದೆ. ಅದನ್ನು ಯಾರೂ ಇಟ್ಟದ್ದಲ್ಲ, ಯಾರಿಗೂ ಗೊತ್ತಿಲ್ಲ. ಯಂತ್ರವೇ ಸರ್ವರ್ ಜೊತೆ ಮಾತಾಡಿಕೊಂಡು ಸುಮಾರು 30 ದಿನಕ್ಕೊಮ್ಮೆ ತಾನಾಗಿ ಬದಲಿಸಿಕೊಳ್ಳುತ್ತದೆ. ಬೆಳಿಗ್ಗೆ ಗುಂಡಿ ಒತ್ತಿದಾಗ, ಗುಮಾಸ್ತೆ ಲಾಗಿನ್ ಆಗುವುದಕ್ಕೂ ಮೊದಲೇ, ಯಂತ್ರ ತನ್ನ ಖಾತೆಯಿಂದ ಒಳಗೆ ಬಂದಿರುತ್ತದೆ.

ಹುಟ್ಟಿಗೆ ಹೀಗೆ ಕ್ರಮವಿದೆ, ಸಾವಿಗೆ ಇಲ್ಲ. ಮಳೆಗಾಲದ ಒಂದು ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಯಿತು. ರಿಪೇರಿಯವರು ಬೇರೆ ಸಿಸ್ಟಂ ತಂದಿಟ್ಟು, ಬೇರೆ ಹೆಸರು ಕೊಟ್ಟು ಜಾಯಿನ್ ಮಾಡಿ ಹೋದರು. ವೈರಸ್ ಬಂತೆಂದು ಫಾರ್ಮ್ಯಾಟ್ ಹೊಡೆಸಿದರು, ಹೊಸ ಹೆಸರು ಬಂತು. ಹಳೆಯ ಹತ್ತು ಯಂತ್ರ ಗೋದಾಮು ಸೇರಿದವು, ಅಲ್ಲಿಂದ ಹರಾಜಿಗೆ ಹೋದವು. ಪ್ರತಿ ಸಲವೂ ಪಟ್ಟಿಗೆ ಒಂದು ಹೆಸರು ಸೇರಿತು, ಒಂದೂ ಹೋಗಲಿಲ್ಲ. ಹತ್ತು ವರ್ಷದ ಮೇಲೆ ನೋಡಿದರೆ ಇನ್ನೂರು ಯಂತ್ರಗಳ ಬ್ಯಾಂಕಿನ ಪಟ್ಟಿಯಲ್ಲಿ ಅದರ ಎರಡರಷ್ಟು ಹೆಸರು ಇದ್ದರೂ ಅಚ್ಚರಿಯಿಲ್ಲ. ಮನುಷ್ಯ ಸತ್ತರೆ 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ತಿಳಿಸಬೇಕು. ಕಂಪ್ಯೂಟರ್ ಸತ್ತರೆ ಯಾರು, ಯಾರಿಗೆ, ಎಷ್ಟು ದಿನದೊಳಗೆ ತಿಳಿಸಬೇಕೆಂಬುದು ಎಷ್ಟೋ ಕಚೇರಿಗಳಲ್ಲಿ ಎಲ್ಲೂ ಬರೆದಿಲ್ಲ.

ಇದ್ದರೆ ಇರಲಿ, ಸತ್ತ ಹೆಸರು ಏನು ಮಾಡೀತು ಎಂದು ಕೇಳುವವರಿದ್ದಾರೆ. 2021ರ ಜನವರಿಯಲ್ಲಿ ಸೋಫೋಸ್ ಎಂಬ ಭದ್ರತಾ ಕಂಪನಿ ತಾನು ತನಿಖೆ ಮಾಡಿದ ಒಂದು ಪ್ರಕರಣವನ್ನು ಬಹಿರಂಗ ಮಾಡಿತು. ನೆಫಿಲಿಮ್ ಎಂಬ ಸುಲಿಗೆ ತಂತ್ರಾಂಶ ಒಂದು ಸಂಸ್ಥೆಯ ನೂರಕ್ಕೂ ಹೆಚ್ಚು ಯಂತ್ರಗಳಿಗೆ ಬೀಗ ಹಾಕಿತ್ತು. ಕಳ್ಳರು ಒಳಗೆ ಓಡಾಡಿದ್ದು ಎಲ್ಲ ಅಧಿಕಾರವಿದ್ದ ಒಂದು ಅಡ್ಮಿನ್ ಖಾತೆಯಿಂದ. ಆ ಖಾತೆ ಯಾರದೆಂದು ಹುಡುಕಿದರೆ, ಅದು ಸುಮಾರು ಮೂರು ತಿಂಗಳ ಹಿಂದೆ ತೀರಿಕೊಂಡ ನೌಕರನದು. ಸಂಸ್ಥೆಗೆ ಅವರ ಸಾವು ಗೊತ್ತಿತ್ತು. ಆದರೂ ಖಾತೆ ಮುಚ್ಚಿರಲಿಲ್ಲ, ಯಾಕೆಂದರೆ ಹಿನ್ನೆಲೆಯಲ್ಲಿ ನಡೆಯುವ ಕೆಲವು ಕೆಲಸಗಳು ಆ ಹೆಸರಿನಲ್ಲೇ ಓಡುತ್ತಿದ್ದವು. ನನಗೆ ಈ ಪ್ರಕರಣ ಓದಿದಾಗಲೆಲ್ಲ ಪಹಣಿಯೇ ಕಣ್ಣಮುಂದೆ ಬರುತ್ತದೆ. ಅಲ್ಲೂ ಸಾವು ಊರಿಗೆಲ್ಲ ಗೊತ್ತು. ಹೆಸರು ತೆಗೆದರೆ ಇನ್ನೇನು ತೊಡಕು ಏಳುತ್ತದೋ, ಯಾವ ದಾಯಾದಿ ತಕರಾರು ತೆಗೆಯುತ್ತಾನೋ ಎಂಬ ಅಳುಕಿಗೆ ಅದನ್ನು ಹಾಗೇ ಬಿಟ್ಟಿರುತ್ತಾರೆ.

ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ನಿಂತುಹೋಯಿತು. ಕಳ್ಳರು ನುಗ್ಗಿದ್ದು ಯಾರೂ ಬಳಸದೆ ಬಿಟ್ಟಿದ್ದ, ಆದರೆ ಮುಚ್ಚದೆ ಉಳಿದಿದ್ದ ದೂರದಿಂದ ಜಾಲಕ್ಕೆ ಸೇರುವ ಒಂದು ಖಾತೆಯ ಮೂಲಕ. ಎರಡನೇ ಹಂತದ ಪರಿಶೀಲನೆ, ನಾವು ದಿನಾ ಮೊಬೈಲ್‌ನಲ್ಲಿ ನೋಡುವ ಒಟಿಪಿಯಂಥದ್ದು, ಅದಕ್ಕೆ ಇರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ಸುಲಿಗೆ ಹಣ ಕೊಟ್ಟಿತು. ಆಮೇಲೆ ಅದರಲ್ಲಿ ಒಂದು ಭಾಗವನ್ನು ಅಲ್ಲಿನ ಸರ್ಕಾರ ವಶಪಡಿಸಿಕೊಂಡಿತು. ಆಕ್ಟಿವ್ ಡೈರೆಕ್ಟರಿ ಮಾಡಿದ ಮೈಕ್ರೋಸಾಫ್ಟನ್ನೇ 2023ರ ನವೆಂಬರ್ ಕೊನೆಯಲ್ಲಿ ಹೊಕ್ಕವರಿಗೆ ದಾರಿಯಾದದ್ದೂ ಹಿಂದೆಂದೋ ಪರೀಕ್ಷೆಗೆಂದು ತೆರೆದು ಮರೆತಿದ್ದ ಖಾತೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಒಂದು ರಾಜ್ಯ ಸರ್ಕಾರಿ ಕಚೇರಿಯ ಪ್ರಕರಣ ಪ್ರಕಟಿಸಿತು; ಅಲ್ಲಿ ಕೆಲಸ ಬಿಟ್ಟುಹೋದ ನೌಕರನ ಅಡ್ಮಿನ್ ಖಾತೆ ಕಳ್ಳರ ಕೈಗೆ ಸಿಕ್ಕಿತ್ತು.

ಇವೆಲ್ಲ ಮನುಷ್ಯರ ಹೆಸರಿನ ಖಾತೆಗಳು. ಯಂತ್ರಗಳ ಖಾತೆಯ ಅಪಾಯ ಸ್ವಲ್ಪ ಬೇರೆ ಥರ. 30 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವುದು ಯಂತ್ರದ ಕೆಲಸ, ಸರ್ವರ್ ಅದನ್ನು ಒತ್ತಾಯಿಸುವುದಿಲ್ಲ. ಅಂದರೆ ಆರು ತಿಂಗಳು ಮೂಲೆಯಲ್ಲಿ ಬಿದ್ದಿದ್ದ ಯಂತ್ರದ ಹಳೆಯ ಪಾಸ್‌ವರ್ಡ್ ಕೂಡ ಸರ್ವರ್ ಪಾಲಿಗೆ ಇನ್ನೂ ಸರಿಯಾದದ್ದೇ. ಹಾರ್ಡ್‌ಡಿಸ್ಕ್ ಅಳಿಸದೆ ಹರಾಜು ಹಾಕಿದ ಸಿಸ್ಟಂನಲ್ಲಿ ಆ ಗುಟ್ಟು ಹಾಗೇ ಕೂತಿರುತ್ತದೆ. ಕೊಂಡವನು ಗುಜರಿಯವನಾದರೆ ಏನೂ ಆಗದೇ ಇರಬಹುದು. ಆದರೆ ಅದು ಯಾರ ಕೈ ಸೇರುತ್ತದೆಂದು ಹೇಳುವವರು ಯಾರು? ಇನ್ನೊಂದು ಮಾತು: ಆಕ್ಟಿವ್ ಡೈರೆಕ್ಟರಿಯಲ್ಲಿ ಯಾರೂ ಬದಲಿಸದಿದ್ದರೆ ಸಾಮಾನ್ಯ ಬಳಕೆದಾರನೂ ತಾನೇ ಹತ್ತು ಯಂತ್ರಗಳವರೆಗೆ ಸೇರಿಸಬಹುದು. ಪಟ್ಟಿ ಸತ್ತ ಹೆಸರುಗಳಿಂದ ತುಂಬಿದ್ದರೆ ಕಳ್ಳ ಸೇರಿಸಿದ ಹೊಸ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನೂರು ಹೆಸರಿನಲ್ಲಿ ಇನ್ನೂರು ಸುಳ್ಳು ಎಂದು ಮೊದಲೇ ಒಪ್ಪಿಕೊಂಡ ಮೇಲೆ ಇನ್ನೊಂದು ಸುಳ್ಳನ್ನು ಹುಡುಕುವವರು ಯಾರು? ‘ಎಲ್ಲ ಯಂತ್ರಕ್ಕೂ ಭದ್ರತಾ ಅಪ್‌ಡೇಟ್ ಹೋಗಿದೆಯಾ’ ಎಂಬ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಅಪ್‌ಡೇಟ್ ಆಗದ ನೂರು ಹೆಸರಲ್ಲಿ ಸತ್ತವು ಎಷ್ಟು, ಬದುಕಿದ್ದೂ ರೋಗ ಹಿಡಿದವು ಎಷ್ಟು ಎಂದು ಬೇರೆ ಮಾಡಲಾಗದು.

ಹಾಗಾದರೆ ಸತ್ತ ಯಂತ್ರವನ್ನು ಗುರುತಿಸುವುದು ಹೇಗೆ? ಪಟ್ಟಿಯಲ್ಲಿ ಪ್ರತಿ ಹೆಸರಿನ ಹಿಂದೆ ಕೆಲವು ತಾರೀಕುಗಳಿವೆ. ಒಂದು, ಈ ಯಂತ್ರ ಕೊನೆಗೆ ಒಳಬಂದದ್ದು ಯಾವಾಗ. ಎರಡು, ಪಾಸ್‌ವರ್ಡ್ ಬದಲಾದದ್ದು ಯಾವಾಗ. ಮೊದಲನೆಯದರಲ್ಲಿ ಒಂದು ಸೂಕ್ಷ್ಮವಿದೆ, ಹೊಸಬರು ಇಲ್ಲಿ ಎಡವುತ್ತಾರೆ. ದೊಡ್ಡ ಜಾಲದಲ್ಲಿ ಡೊಮೇನ್ ಕಂಟ್ರೋಲರ್ ಒಂದೇ ಇರುವುದಿಲ್ಲ. ನಮ್ಮ ಊಹೆಯ ಬ್ಯಾಂಕಿನಲ್ಲಿ ಪಾಂಡವಪುರದಲ್ಲೊಂದು, ನಾಗಮಂಗಲದಲ್ಲೊಂದು ಇರಬಹುದು. ‘ಲಾಸ್ಟ್ ಲಾಗಾನ್’ ಎಂಬ ತಾರೀಕನ್ನು ಪ್ರತಿ ಕಂಟ್ರೋಲರ್ ತನ್ನಷ್ಟಕ್ಕೆ ಬರೆದುಕೊಳ್ಳುತ್ತದೆ, ಇನ್ನೊಂದಕ್ಕೆ ಹೇಳುವುದಿಲ್ಲ. ನಾಗಮಂಗಲದ ಯಂತ್ರ ದಿನವೂ ಅಲ್ಲಿನ ಕಂಟ್ರೋಲರ್‌ನಲ್ಲಿ ಹಾಜರಿ ಹಾಕುತ್ತಿದ್ದರೂ ಪಾಂಡವಪುರದ ಪ್ರತಿಯಲ್ಲಿ ಅದು ವರ್ಷದಿಂದ ಕಾಣೆ. ಇದನ್ನು ನೋಡಿ ಅಳಿಸಿದರೆ ಬದುಕಿರುವ ಯಂತ್ರವನ್ನೇ ಹೂತಂತಾಯಿತು. ಅದಕ್ಕಾಗಿಯೇ ವಿಂಡೋಸ್ ಸರ್ವರ್ 2003ರ ಕಾಲದಲ್ಲಿ ‘ಲಾಸ್ಟ್ ಲಾಗಾನ್ ಟೈಮ್‌ಸ್ಟ್ಯಾಂಪ್’ ಎಂಬ ಇನ್ನೊಂದು ತಾರೀಕು ತಂದರು. ಅದು ಎಲ್ಲ ಕಂಟ್ರೋಲರ್‌ಗಳಿಗೂ ಹರಡುತ್ತದೆ. ಆದರೆ ಜಾಲದ ಮೇಲೆ ಭಾರ ಬೀಳದಿರಲೆಂದು ಅದನ್ನು ದಿನಾ ತಿದ್ದುವುದಿಲ್ಲ, 9ರಿಂದ 14 ದಿನಕ್ಕೊಮ್ಮೆ ತಿದ್ದುತ್ತದೆ. ಆ ತಾರೀಕು ಎರಡು ವಾರದಷ್ಟು ಹಿಂದೆ ಬಿದ್ದಿರಬಹುದೆಂದು ತಿಳಿದೇ ಲೆಕ್ಕ ಹಾಕಬೇಕು.

ಅನುಭವಸ್ಥರು ಸಾಮಾನ್ಯವಾಗಿ 90 ದಿನದ ಗೆರೆ ಎಳೆಯುತ್ತಾರೆ. ಎರಡೂ ತಾರೀಕು 90 ದಿನಕ್ಕಿಂತ ಹಿಂದಿದ್ದರೆ ಅನುಮಾನದ ಪಟ್ಟಿಗೆ ಸೇರಿಸು ಎಂದು. ಪವರ್‌ಶೆಲ್‌ನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಈ ಪಟ್ಟಿ ಕ್ಷಣದಲ್ಲಿ ಬರುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಂ ಕೂಡ, ಉತ್ತರಾಧಿಕಾರದಿಂದ ಜಮೀನಿನ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡಬೇಕು ಎನ್ನುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಲೋಕಗಳು ಸರಿಸುಮಾರು ಒಂದೇ ಅವಧಿಗೆ ಬಂದು ನಿಂತಿರುವುದು ನನಗೆ ಖುಷಿ ಕೊಡುವ ಸಂಗತಿ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ಒಂದು ಬದಲಾವಣೆ ನಿಜವಾಗಿಯೂ ನೆಲೆ ನಿಂತಿದೆಯೇ ಎಂದು ತಿಳಿಯಲು ಅಷ್ಟು ಕಾಲ ಬೇಕೋ ಏನೋ.

ಪಟ್ಟಿ ಬಂದ ಕೂಡಲೇ ಎಲ್ಲವನ್ನೂ ಆರಿಸಿ ಅಳಿಸುವ ಆಸೆ ಆಗುತ್ತದೆ. ಇಲ್ಲಿಯೇ ಕೈ ತಡೆಯಬೇಕು. ಹೆರಿಗೆ ರಜೆಯಲ್ಲಿರುವವರ ಲ್ಯಾಪ್‌ಟಾಪ್ ನಾಲ್ಕು ತಿಂಗಳಿಂದ ಬೀರುವಿನಲ್ಲಿರಬಹುದು. ಕಾಲೇಜಿನ ಪ್ರಯೋಗಾಲಯ ಪರೀಕ್ಷೆ, ರಜೆ ಮುಗಿದು ತೆರೆಯುವ ತನಕ ಮುಚ್ಚಿರಬಹುದು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಗೆ ಮಾತ್ರ ಹಚ್ಚುವ ಹಳೆಯ ಸರ್ವರ್ ಇರಬಹುದು. ಹಲವು ಸರ್ವರ್‌ಗಳು ಸೇರಿ ಒಂದೇ ಹೆಸರಿನಲ್ಲಿ ಕೆಲಸ ಮಾಡುವ ಕ್ಲಸ್ಟರ್‌ಗಳ ಖಾತೆ ಎಷ್ಟೋ ಸಲ ನಿದ್ದೆ ಹೋದಂತೆ ಕಾಣುತ್ತದೆ. ಅದನ್ನು ಅಳಿಸಿದರೆ ಇಡೀ ಸೇವೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರದ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಆ ಬೀಗದ ತುರ್ತು ಕೀಲಿಯನ್ನು ಬಹಳ ಕಡೆ ಡೈರೆಕ್ಟರಿಯಲ್ಲಿ ಆ ಯಂತ್ರದ ಖಾತೆಯ ಕೆಳಗೇ ಇಟ್ಟಿರುತ್ತಾರೆ. ಖಾತೆ ಹೋದರೆ ಕೀಲಿಯೂ ಹೋಯಿತು. ಆರು ತಿಂಗಳ ಮೇಲೆ ಆ ಲ್ಯಾಪ್‌ಟಾಪ್ ಕೀಲಿ ಕೇಳಿದಾಗ ಒಳಗಿನ ಕಡತ ತೆಗೆಯಲು ಯಾರಿಂದಲೂ ಆಗದು.

ಬದುಕಿರುವವರನ್ನು ಪಟ್ಟಿಯಿಂದ ಕಿತ್ತರೆ ಏನಾಗುತ್ತದೆಂದು ನಮ್ಮ ರಾಜ್ಯ 2024ರ ನವೆಂಬರ್‌ನಲ್ಲಿ ಕಂಡಿದೆ. ಅನರ್ಹರ ಬಿಪಿಎಲ್ ಕಾರ್ಡ್ ತೆಗೆಯುತ್ತೇವೆಂದು ಶುರುವಾದ ಪರಿಷ್ಕರಣೆಯಲ್ಲಿ ನಿಜವಾದ ಬಡವರ ಕಾರ್ಡ್‌ಗಳೂ ಹೋದವು. ನ್ಯಾಯಬೆಲೆ ಅಂಗಡಿಗೆ ಹೋದಾಗಲೇ ಎಷ್ಟೋ ಮನೆಯವರಿಗೆ ಅದು ಗೊತ್ತಾದದ್ದು. ಗದ್ದಲವೆದ್ದ ಮೇಲೆ ಸರ್ಕಾರ ಅರ್ಹರ ಕಾರ್ಡ್‌ಗಳನ್ನು ಮರಳಿಸಬೇಕಾಯಿತು. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬುವರ ಕಥೆ ಇನ್ನೂ ಘೋರ. ಸಂಬಂಧಿಕರು ಜಮೀನಿನ ಆಸೆಗೆ ಕಂದಾಯ ದಾಖಲೆಯಲ್ಲಿ ಅವರನ್ನು ಸತ್ತವರೆಂದು ಬರೆಸಿದರು. ಬದುಕಿದ್ದೇನೆಂದು ರುಜುವಾತು ಮಾಡಲು ಅವರು 1970ರ ದಶಕದಿಂದ 1994ರವರೆಗೆ ಹೋರಾಡಬೇಕಾಯಿತು. ತಮ್ಮಂಥ ‘ಮೃತಕರ’ ಸಂಘವನ್ನೇ ಕಟ್ಟಿದರು. ಸತ್ತವರ ಹೆಸರು ಉಳಿಸಿಕೊಳ್ಳುವುದು ಒಂದು ತಪ್ಪು. ಬದುಕಿರುವವರ ಹೆಸರು ತೆಗೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಹೀಗಾಗಿ ನನಗೆ ಕಂದಾಯ ಇಲಾಖೆಯ ಹಳೆಯ ಕ್ರಮದ ಮೇಲೆ ಗೌರವವಿದೆ. ನಿಧಾನ ಎಂದು ನಾವೆಲ್ಲ ಬೈಯುವ ಕ್ರಮವೇ. ವಾರಸುದಾರರು ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಡುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ಊರಿನಲ್ಲಿ ವಿಚಾರಿಸುತ್ತಾರೆ. ತಕರಾರಿದ್ದವರು ಹೇಳಿ ಎಂದು ನೋಟಿಸ್ ಹಚ್ಚುತ್ತಾರೆ, ಕಾಯುತ್ತಾರೆ. ತಕರಾರಿಲ್ಲದಿದ್ದರೆ ರಾಜಸ್ವ ನಿರೀಕ್ಷಕರು ಮಂಜೂರು ಮಾಡುತ್ತಾರೆ. ಇದ್ದರೆ ತಹಶೀಲ್ದಾರ್ ಕಡೆಗೆ ಹೋಗುತ್ತದೆ. ತಹಶೀಲ್ದಾರರ ಆದೇಶ ಒಪ್ಪದವರು ಪಾಂಡವಪುರದ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಬಹುದು. ನಾಗಮಂಗಲದವರೂ ಕೆ.ಆರ್. ಪೇಟೆಯವರೂ ಶ್ರೀರಂಗಪಟ್ಟಣದವರೂ ಕಡತ ಕಂಕುಳಲ್ಲಿಟ್ಟುಕೊಂಡು ಅಲ್ಲಿಗೇ ಬರಬೇಕು. ಇಷ್ಟೆಲ್ಲ ಆಗಿ ಹೆಸರು ಬದಲಾದ ಮೇಲೂ ಹಳೆಯ ಹೆಸರು ಮಾಯವಾಗುವುದಿಲ್ಲ. ಹತ್ತನೇ ಕಾಲಂನಲ್ಲಿ ಖಾತೆ ಬದಲಾವಣೆಯ (ಮ್ಯುಟೇಶನ್) ಎಂ.ಆರ್. ನಂಬರ್ ಇರುತ್ತದೆ, ಆ ಜಾಡು ಹಿಡಿದು ಹಿಂದಕ್ಕೆ ಹೋದರೆ ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಎಂಬುದೆಲ್ಲ ಸಿಗುತ್ತದೆ.

ಡೈರೆಕ್ಟರಿ ಸ್ವಚ್ಛ ಮಾಡುವವರೂ ಇದೇ ಹೆಜ್ಜೆಗಳಲ್ಲಿ ನಡೆಯಬೇಕು, ಒಳ್ಳೆಯ ಅಡ್ಮಿನ್‌ಗಳು ನಡೆಯುತ್ತಾರೆ. 90 ದಿನ ದಾಟಿದ ಹೆಸರುಗಳ ಪಟ್ಟಿಯನ್ನು ಮೊದಲು ಶಾಖೆಗಳಿಗೆ ಕಳಿಸಿ ‘ಇವು ನಿಮ್ಮಲ್ಲಿವೆಯೇ’ ಎಂದು ಕೇಳುವುದು, ಅದೇ ನೋಟಿಸ್. ಆಮೇಲೆ ಅಳಿಸದೆ ಖಾತೆಯನ್ನು ಡಿಸೇಬಲ್ ಮಾಡುವುದು. ಆಗ ಖಾತೆ ಇರುತ್ತದೆ, ಕೀಲಿ ಇರುತ್ತದೆ, ಒಳಗೆ ಬರಲು ಮಾತ್ರ ಆಗುವುದಿಲ್ಲ. ಯಾವತ್ತು, ಯಾಕೆ, ಯಾರು ನಿಲ್ಲಿಸಿದರೆಂದು ಖಾತೆಯ ವಿವರಣೆಯಲ್ಲೇ ಒಂದು ಸಾಲು ಬರೆದು, ಹೀಗೆ ನಿಲ್ಲಿಸಿದ್ದನ್ನೆಲ್ಲ ಒಂದು ಪ್ರತ್ಯೇಕ ವಿಭಾಗಕ್ಕೆ ಸರಿಸಿ ಇನ್ನೊಂದಷ್ಟು ವಾರ ಕಾಯುವುದು. ಯಾರಾದರೂ ‘ನನ್ನ ಸಿಸ್ಟಂ ಓಪನ್ ಆಗ್ತಿಲ್ಲ’ ಎಂದು ಫೋನ್ ಮಾಡಿದರೆ ಅದು ತಕರಾರು ಅರ್ಜಿ. ಒಂದೇ ಗುಂಡಿಯಲ್ಲಿ ಮರಳಿಸಬಹುದು. ಯಾರೂ ಕೇಳದಿದ್ದರೆ ಬಿಟ್‌ಲಾಕರ್ ಕೀಲಿಗಳನ್ನು ಬೇರೆಡೆ ಭದ್ರಮಾಡಿ ಆಮೇಲೆ ಅಳಿಸಬೇಕು. ವಿಂಡೋಸ್ ಸರ್ವರ್ 2008 ಆರ್2 ಜೊತೆ ಬಂದ ರಿಸೈಕಲ್ ಬಿನ್ ಸೌಲಭ್ಯವನ್ನು ಚಾಲೂ ಮಾಡಿಟ್ಟಿದ್ದರೆ, ಅಳಿಸಿದ್ದನ್ನು ಕೂಡ ಸಾಮಾನ್ಯವಾಗಿ 180 ದಿನದವರೆಗೆ ಇಡಿಯಾಗಿ ಎಬ್ಬಿಸಬಹುದು. ಅದು ತಾನಾಗಿ ಚಾಲೂ ಆಗಿರುವುದಿಲ್ಲ. ಒಬ್ಬರು ಕೂತು ಮಾಡಬೇಕು. ಎಷ್ಟೋ ಕಡೆ ಮಾಡಿರುವುದಿಲ್ಲ.

ಅಳಿಸಿದರೇನಂತೆ, ಅದೇ ಹೆಸರಿನಲ್ಲಿ ಮತ್ತೊಂದು ಖಾತೆ ತೆರೆದರಾಯಿತಲ್ಲ ಎನ್ನುವವರಿಗೆ ಪಾಂಡವಪುರದ ಕಡೆಯದೇ ಒಂದು ಉದಾಹರಣೆ. ಈ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೆಸರು ಬದಲಾಯಿತು, ಊರು ಅದೇ. ಕನ್ನಂಬಾಡಿಯ ಕಥೆ ತಿರುಗಾಮುರುಗಾ. 1911ರಲ್ಲಿ ಶುರುವಾದ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಊರು ಮುಳುಗಿತು, ಹೊಸ ಕನ್ನಂಬಾಡಿ ಬೇರೆ ಜಾಗದಲ್ಲಿ ಎದ್ದಿತು. ಹೆಸರು ಅದೇ, ನೆಲ ಬೇರೆ. ಡೈರೆಕ್ಟರಿ ಖಾತೆಯನ್ನು ಗುರುತಿಸುವುದು ಹೆಸರಿನಿಂದಲ್ಲ, ಹುಟ್ಟಿದಾಗ ಕೊಟ್ಟ ಸಿಡ್ ಎಂಬ ಒಂದು ಉದ್ದದ ಸಂಖ್ಯೆಯಿಂದ. ಹೆಸರು ಬದಲಿಸಿದರೂ ಸಂಖ್ಯೆ ಉಳಿಯುತ್ತದೆ, ಹಕ್ಕುಗಳೂ ಉಳಿಯುತ್ತವೆ. ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಹುಟ್ಟಿಸಿದರೆ ಸಂಖ್ಯೆ ಹೊಸದು, ಹಳೆಯ ಹಕ್ಕು ಒಂದೂ ಅದಕ್ಕಿಲ್ಲ. ಕಡತಗಳ ಮೇಲಿನ ಹಕ್ಕುಪಟ್ಟಿಯಲ್ಲಿ ಮಾತ್ರ ಹೆಸರಿಲ್ಲದ ಆ ಹಳೆಯ ಸಂಖ್ಯೆ ಹಾಗೇ ಕಾಣುತ್ತಿರುತ್ತದೆ.

ಕಂದಾಯದವರಿಂದ ಕಂಪ್ಯೂಟರ್‌ನವರು ಇಷ್ಟು ಕಲಿಯಬಹುದಾದರೆ, ತಿರುಗಿ ಕಲಿಸುವುದೂ ಒಂದಿದೆ. ಪೌತಿ ಖಾತೆ ಬಹಳ ವರ್ಷಗಳಿಂದ ವಾರಸುದಾರರ ಅರ್ಜಿಗೆ ಕಾಯುತ್ತಿತ್ತು. ಅರ್ಜಿ ಬಾರದಿದ್ದರೆ ಸಾವು ಲೆಕ್ಕಕ್ಕೇ ಇಲ್ಲ. ಡೈರೆಕ್ಟರಿಗೆ ಅಂಥ ಅರ್ಜಿ ಬೇಕಿಲ್ಲ. ಬದುಕಿರುವ ಯಂತ್ರ ತಾನಾಗಿ ಬಂದು ಹಾಜರಿ ಹಾಕುತ್ತದೆ. ಹಾಜರಿ ನಿಂತರೆ ಪಟ್ಟಿಯೇ ಎದ್ದು ಕೇಳಬಹುದು. ಮರಣ ನೋಂದಣಿಯ ಮಾಹಿತಿ, ಆಧಾರ್, ಪಹಣಿ ಒಂದನ್ನೊಂದು ನೋಡುವಂತಾದ ಮೇಲೆ ಕಂದಾಯ ಇಲಾಖೆಯೂ ಹೀಗೆ ತಾನೇ ಮನೆಬಾಗಿಲಿಗೆ ಹೋಗಿ ಕೇಳುವ ಸ್ಥಿತಿಗೆ ಬಂದಿದೆ. ಇಲಾಖೆ ಮಾಡಿದ ಕೆಲಸಗಳಲ್ಲಿ ಇದು ದೊಡ್ಡದು ಎಂದೇ ನನ್ನ ಎಣಿಕೆ.

ಆದರೆ ಕೇಳುವುದು ಯಾರನ್ನು? ಜಮೀನಿಗೆ ವಾರಸುದಾರರಿದ್ದಾರೆ, ಜಗಳವಾಡಿಕೊಂಡಾದರೂ. ‘ಕೆಆರ್‌ಪಿ-ಸಾಲ-04’ ಎಂಬ ಯಂತ್ರಕ್ಕೆ ಯಾರಿದ್ದಾರೆ? ಆಕ್ಟಿವ್ ಡೈರೆಕ್ಟರಿಯಲ್ಲಿ ಪ್ರತಿ ಯಂತ್ರದ ಖಾತೆಗೂ ‘ಮ್ಯಾನೇಜ್ಡ್ ಬೈ’ ಎಂದು ಒಂದು ಕಾಲಂ ಇದೆ, ಜವಾಬ್ದಾರಿ ಯಾರದೆಂದು ಬರೆಯಲು. ಅದು ಬಹುತೇಕ ಖಾಲಿ ಬಿದ್ದಿರುತ್ತದೆ. ಇಡೀ ಸಮಸ್ಯೆಯ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ. ವರ್ಷಕ್ಕೊಮ್ಮೆ ಪಟ್ಟಿ ಗುಡಿಸುವುದು ತಾತ್ಕಾಲಿಕ ಉಪಾಯ. ಹುಟ್ಟುವಾಗಲೇ ಒಬ್ಬ ಜೀವಂತ ಮನುಷ್ಯನ ಹೆಸರಿಗೆ ಕಟ್ಟದ ಖಾತೆಯ ಬಗ್ಗೆ ಮುಂದೆ ಯಾರನ್ನೂ ಕೇಳಲಾಗದು. ಕಟ್ಟಿದ್ದರೆ ಆ ಮನುಷ್ಯ ವರ್ಗವಾದಾಗ, ನಿವೃತ್ತನಾದಾಗ ಚಾರ್ಜ್ ಕೊಡುವ ಪಟ್ಟಿಯಲ್ಲಿ ಬೀರುವಿನ ಕೀಲಿ, ಸೀಲು, ಚೆಕ್ ಪುಸ್ತಕಗಳ ಜೊತೆ ಯಂತ್ರಗಳೂ ಸೇರುತ್ತವೆ.

ವರ್ಗಾವಣೆಯ ಮಾತು ಬಂದದ್ದರಿಂದ ಮನುಷ್ಯರ ಖಾತೆಗಳ ಬಗ್ಗೆಯೂ ಹೇಳಬೇಕು. ನಾಗಮಂಗಲದ ಸಾಲ ವಿಭಾಗದಿಂದ ಶ್ರೀರಂಗಪಟ್ಟಣದ ಠೇವಣಿ ವಿಭಾಗಕ್ಕೆ ಬಂದ ಗುಮಾಸ್ತೆಗೆ ಹೊಸ ಹಕ್ಕು ಕೊಡುತ್ತಾರೆ, ಹಳೆಯದನ್ನು ಕಿತ್ತುಕೊಳ್ಳುವುದನ್ನು ಮರೆಯುತ್ತಾರೆ. ಮೂರು ವರ್ಗಾವಣೆಯ ಮೇಲೆ ಅವರು ಮ್ಯಾನೇಜರ್‌ಗಿಂತ ಹೆಚ್ಚು ಕಡತ ನೋಡಬಲ್ಲರು. ಅವರಿಗೇ ಅದು ಗೊತ್ತಿರುವುದಿಲ್ಲ. ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಹೊಸಬರು ಬಂದಾಗ ಹಳಬರ ಲಾಗಿನ್ನನ್ನೇ ಕೊಟ್ಟುಬಿಡುತ್ತಾರೆ. ಈ ವಿಷಯದಲ್ಲಿ ಮಂಡ್ಯ ಜಿಲ್ಲೆ ಬಹಳ ಮೊದಲೇ ದಾರಿ ಕಂಡಿತ್ತು. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಮೊದಲ ಪ್ರಯೋಗ ನಡೆದದ್ದು ನಮ್ಮ ಪಕ್ಕದ ಮದ್ದೂರು ತಾಲ್ಲೂಕಿನಲ್ಲಿ. ಕೆಲವೇ ವರ್ಷಗಳಲ್ಲಿ 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಅದರೊಳಗೆ ಬಂದವು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹಿಂದೆಯೇ ಅದರಲ್ಲಿ ಮ್ಯುಟೇಶನ್ ಮಾಡುವ ಸಿಬ್ಬಂದಿ ಬೆರಳಚ್ಚು ಒತ್ತಿ ಒಳಗೆ ಹೋಗಬೇಕಿತ್ತು. ತಿದ್ದಿದ್ದು ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಬಳಸಿದರು ಎಂದು ಹೇಳುವ ದಾರಿಯನ್ನು ಅದು ಮುಚ್ಚಿತ್ತು. ಬೆರಳು ಆ ಮನುಷ್ಯನ ಜೊತೆಗೇ ವರ್ಗವಾಗಿ ಹೋಗುತ್ತದೆ, ಉತ್ತರಾಧಿಕಾರಿಗೆ ಚೀಟಿಯಲ್ಲಿ ಬರೆದು ಕೊಡಲಾಗದು. ಆ ಜಾಗರೂಕತೆ ಪಕ್ಕದ ಮೇಜಿನ ಉಳಿದ ಕಂಪ್ಯೂಟರ್‌ಗಳಿಗೆ ಇಳಿಯಲಿಲ್ಲ ಎನ್ನುವುದು ನನ್ನ ನೋವು.

ಈ ಕೆಲಸಕ್ಕೆ ಈಗ ಒಂದು ಸಂದರ್ಭವೂ ಒದಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಗ್ಗದ ಹಳೆಯ ಯಂತ್ರಗಳನ್ನು ಬ್ಯಾಂಕು, ಕಾಲೇಜು, ಕಚೇರಿಗಳು ಒಟ್ಟೊಟ್ಟಿಗೆ ಬದಲಿಸುತ್ತಿವೆ. ಹೊಸದು ಬಂದಂತೆ ಹೊಸ ಹೆಸರು ಹುಟ್ಟುತ್ತದೆ. ಹಳೆಯದನ್ನು ಅದೇ ದಿನ ಪಟ್ಟಿಯಿಂದ ನಿಲ್ಲಿಸದಿದ್ದರೆ ಇನ್ನೊಂದು ತಲೆಮಾರಿನ ಸತ್ತ ಹೆಸರುಗಳು ಸೇರಿಕೊಳ್ಳುತ್ತವೆ. ಕಾಯುವುದಕ್ಕೂ ಮಿತಿಯಿದೆ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಜಾಲದ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅಷ್ಟಕ್ಕೇ ನಿಲ್ಲಿಸುವ ಕಡೆಗಳಲ್ಲಿ ಆರು ತಿಂಗಳಾದ ಮೇಲೆ ಆ ಯಂತ್ರವನ್ನು ಕೊನೆಗೆ ಬಳಸಿದ್ದು ಯಾರು, ಎಲ್ಲಿಂದ ಎಂದು ತಿಳಿಯಲು ಕಾಗದವೂ ಇರುವುದಿಲ್ಲ, ನೆನಪೂ ಇರುವುದಿಲ್ಲ.

ಹೆಚ್ಚಿನ ಖರ್ಚು ಬೇಡದ ಒಂದು ತಿದ್ದುಪಡಿ ಸಾಕು. ಬಾಳಿಕೆ ಬರುವ ಸಾಮಾನು ಬರೆಯುವ ಡೆಡ್ ಸ್ಟಾಕ್ ರಿಜಿಸ್ಟರ್ ಬಹುತೇಕ ಕಚೇರಿಗಳಲ್ಲಿ ಇದೆ. ಮುರಿದ ಕುರ್ಚಿ, ನಿಂತ ಫ್ಯಾನು, ಹಳೆಯ ಕಂಪ್ಯೂಟರ್ ಎಲ್ಲ ಅದರಲ್ಲಿ ದಾಖಲಾಗಿಯೇ ಹರಾಜಿಗೆ ಹೋಗುವುದು. ಕಂಪ್ಯೂಟರ್ ಬರೆಯುವ ಪುಟಕ್ಕೆ ಎರಡು ಕಾಲಂ ಸೇರಿಸಬೇಕು: ಡೈರೆಕ್ಟರಿ ಖಾತೆ ನಿಲ್ಲಿಸಿದ ತಾರೀಕು, ಹಾರ್ಡ್‌ಡಿಸ್ಕ್ ಅಳಿಸಿದ ತಾರೀಕು. ಎರಡರ ಮುಂದೆಯೂ ಸಹಿ ಬೀಳುವ ತನಕ ಆ ಯಂತ್ರವನ್ನು ಗೋದಾಮಿನಿಂದ ಆಚೆ ಬಿಡಬಾರದು.